ಕರಿ ಕೋಲಿಗೆ ಎಣ್ಣೆ ಬೇಡ

ಸಂಗನಬಸಪ್ಪನವರ ಕೋಲು ನಿಲ್ಲಿಸಿದಲ್ಲಿ ನಿಲ್ಲುವುದನ್ನು ಬಿಟ್ಟಿತ್ತು. ಎರಡನೇ ಮಹಡಿಯ ಕಿಟಕಿಗೆ ಏರಿಸಿದರೆ, ಬ್ರಷ್ ಗಾಜಿಗೆ ತಾಗುವಷ್ಟರಲ್ಲಿ ಒಂದು ಗೇಣು ಕೆಳಗೆ ಜಾರುತ್ತಿತ್ತು. ಮತ್ತೆ ಏರಿಸಬೇಕು, ಮತ್ತೆ ಜಾರಬೇಕು. ಕಿಟಕಿ ತೊಳೆಯುವವರಿಗೆ ಈ ಕಾಟ ಚೆನ್ನಾಗಿ ಗೊತ್ತು.

ಗೊತ್ತಿಲ್ಲದವರಿಗೆ ಒಂದು ಮಾತು. ಇದು ಕಾರ್ಬನ್ ಫೈಬರಿನ ಕೋಲು. ಕಪ್ಪಗಿರುತ್ತದೆ, ಬಲು ಹಗುರ. ಒಂದರೊಳಗೊಂದು ಕೂರುವ ಆರು ಕೊಳವೆಗಳು, ಪೂರ್ತಿ ಎಳೆದರೆ ಮೂವತ್ತು ಅಡಿ. ಎಳೆದ ಕೊಳವೆಯನ್ನು ಹಿಡಿದು ನಿಲ್ಲಿಸಲು ಒಂದೊಂದು ಕ್ಲ್ಯಾಂಪ್. ತುದಿಯಲ್ಲಿ ಬ್ರಷ್, ಒಳಗೆ ನೀರಿನ ಪೈಪು. ಸೋಸಿ ಶುದ್ಧ ಮಾಡಿದ ನೀರು ಮೇಲೇರಿ ಗಾಜು ತೊಳೆಯುತ್ತದೆ. ಕಲೆ ಉಳಿಯುವುದಿಲ್ಲ, ಒರೆಸಬೇಕಾಗಿಲ್ಲ, ಏಣಿ ಹತ್ತಬೇಕಾಗಿಲ್ಲ.

ಸಂಗನಬಸಪ್ಪನವರು ಹುನಗುಂದದ ಕಡೆಯವರು. ಹದಿನಾರು ವರ್ಷದ ಹಿಂದೆ ಹೋಟೆಲಿನ ಅಡುಗೆ ಕೆಲಸಕ್ಕೆಂದು ಶಿಕಾಗೋಗೆ ಬಂದವರು, ಹೊಗೆ ಎದೆಗೆ ಆಗದೆ ಈ ಕೆಲಸ ಹಿಡಿದರು. ಶಾಮ್‌ಬರ್ಗಿನಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟು, ಒಂದು ಬಿಳಿ ವ್ಯಾನು. ಹೆಂಡತಿ ಶಿವಕ್ಕ ಜೂನ್ ತಿಂಗಳಲ್ಲಿ ಮಗಳ ಬಾಣಂತನಕ್ಕೆ ಡೆಟ್ರಾಯಿಟ್ ಹತ್ತಿರದ ಕ್ಯಾಂಟನ್ನಿಗೆ ಹೋದವರು ಇನ್ನೂ ಬಂದಿರಲಿಲ್ಲ. ಸುಮಾರು ಮುನ್ನೂರು ಮೈಲಿ ದೂರ.

ಹಾಗಾಗಿ ಬೆಳಿಗ್ಗೆ ಅವರೊಬ್ಬರೇ ರೊಟ್ಟಿ ಕಟ್ಟಿಕೊಳ್ಳುತ್ತಿದ್ದರು, ಮಧ್ಯಾಹ್ನ ವ್ಯಾನಿನಲ್ಲಿ ಅವರೊಬ್ಬರೇ ಬಿಚ್ಚುತ್ತಿದ್ದರು. ಗಾಜು ತೊಳೆಯುವವನಿಗೆ ಎಲ್ಲರ ಮನೆಯೂ ಕಾಣುತ್ತದೆ, ಯಾರ ಮನೆಯೂ ಕೇಳಿಸುವುದಿಲ್ಲ. ಒಳಗಿನವರು ನಗುತ್ತಾರೆ, ಜಗಳವಾಡುತ್ತಾರೆ, ಮಗುವಿಗೆ ಉಣಿಸುತ್ತಾರೆ. ಹೊರಗೆ ಬರೀ ನೀರಿನ ಸದ್ದು.

ಕೇಳಿಸುವ ಮನೆ ಒಂದೇ ಒಂದಿತ್ತು. ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಪದ್ಮಜಾ ಅವರದು. ಹಿತ್ತಲ ಹುಲ್ಲಿಗೆ ಚಿಮ್ಮಿಸುವ ನೀರು ಸಿಡಿದು ಹಿಂದಿನ ಗಾಜುಗಳೆಲ್ಲ ಕಲೆಯಾಗುತ್ತಿದ್ದವು, ಅದಕ್ಕೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ ತೊಳೆಸುತ್ತಿದ್ದರು. ಕೆಲಸ ಮುಗಿಯುವಾಗ ಜಾರುಬಾಗಿಲು ತೆರೆದು, "ಬಸಪ್ಪನವ್ರೇ, ಕಾಫಿ ಆರತ್ತೆ" ಅನ್ನುತ್ತಿದ್ದರು. ಅವರ ಮಗಳು ದಿಯಾ, ಒಂಬತ್ತು ವರ್ಷದವಳು, "ಅಂಕಲ್, ಈಸ್ ಇಟ್ ಹೆವಿ?" ಅಂತ ಕೋಲಿನ ಬಗ್ಗೆ ಪ್ರತಿ ಸಲವೂ ಅದೇ ಪ್ರಶ್ನೆ ಕೇಳುತ್ತಿದ್ದಳು. ಇವರು ಪ್ರತಿ ಸಲವೂ "ಹೂವಿನಂಗ ಐತವಾ" ಅನ್ನುತ್ತಿದ್ದರು. ತಿಂಗಳಿಗೆ ಹದಿನೈದು ನಿಮಿಷ. ಆ ಹದಿನೈದು ನಿಮಿಷಕ್ಕೆಂದು ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗುತ್ತಿದ್ದರು.

ಕೋಲು ಕೆಟ್ಟದ್ದು ಹೇಗೆ ಅಂತೀರಾ? ಭಕ್ತಿಯಿಂದ.

ಆಯುಧ ಪೂಜೆಯ ದಿನ ಶಿವಕ್ಕ ವಿಡಿಯೋ ಕಾಲಿನಲ್ಲಿ ಬಂದರು. ತೊಡೆಯ ಮೇಲೆ ಮೊಮ್ಮಗಳು ಅನಿಕಾ.

"ಏನ್ರೀ, ಬರೇ ಊದಿನಕಡ್ಡಿ ಹಚ್ಚಿ ಮುಗಿಸಬ್ಯಾಡ್ರಿ. ಕೋಲು ಅನ್ನ ಕೊಡತೈತಿ. ಆರೂ ಕೊಳವಿ ಬಿಚ್ಚಿ ಎಣ್ಣಿ ಹಚ್ರಿ, ಮ್ಯಾಲೆ ಮೂರು ಬಟ್ಟು ವಿಭೂತಿ ಎಳೀರಿ."

"ಎಣ್ಣಿ ಯಾವುದು?"

"ಕೊಬ್ಬರಿ ಎಣ್ಣಿ ಇಟ್ಟ ಬಂದೀನಲ್ಲ ಬಚ್ಚಲದಾಗ. ನೀವೇನ ತಲಿಗೆ ಹಚ್ಚಿಗೊಂತೀರಿ, ಕೂದಲರ ಎಲ್ಲಿ ಅದಾವ?"

ಹಚ್ಚಿದರು. ಎಳೆದರು. ಕೋಲು ಮಿರಮಿರ ಮಿಂಚಿತು. ಮರುದಿನದಿಂದ ಜಾರತೊಡಗಿತು. ಸಂಗನಬಸಪ್ಪನವರು ಕ್ಲ್ಯಾಂಪುಗಳ ತಿರುಪನ್ನು ಬಿಗಿ ಮಾಡಿದರು. ಮತ್ತೆ ಜಾರಿತು. ಮೈಯ ಬಲವೆಲ್ಲ ಹಾಕಿ ಇನ್ನೂ ಬಿಗಿದರು.

ಅಕ್ಟೋಬರಿನ ಒಂದು ಶನಿವಾರ, ಪದ್ಮಜಾ ಅವರ ಮನೆ. ಚಳಿಗಾಲಕ್ಕೆ ಮುಂಚಿನ ಕೊನೆಯ ತೊಳೆತ. ಮೇಲಿನ ಕಿಟಕಿಯಲ್ಲಿ ಬ್ರಷ್ ಇದ್ದಾಗ ಒಂದು ಸದ್ದು ಬಂತು, ಒಣ ಕಟ್ಟಿಗೆ ಮುರಿದ ಹಾಗೆ. ಮೇಲಿನ ಮೂರು ಕೊಳವೆ ಒಟ್ಟಿಗೆ ಕೆಳಗಿಳಿದವು. ಕೋಲು ವಾಲಿ, ತುಳಸಿಯ ಕುಂಡದ ಮೇಲೆ ಬಿದ್ದು ಕುಂಡ ಎರಡು ಹೋಳಾಯಿತು. ಕುಂಡದ ಪಕ್ಕದ ಮೆಟ್ಟಿಲ ಮೇಲೆ ದಿಯಾಳ ಚಿತ್ರದ ಪುಸ್ತಕ ತೆರೆದೇ ಇತ್ತು. ಪೆನ್ಸಿಲ್ ತರಲು ಅವಳು ಆಗ ತಾನೇ ಒಳಗೆ ಹೋಗಿದ್ದಳು.

ಪದ್ಮಜಾ ಹೊರಗೆ ಓಡಿ ಬಂದರು. ಪುಸ್ತಕ ಎತ್ತಿಕೊಂಡರು.

"ಇವತ್ತು ಇಷ್ಟು ಸಾಕು, ಬಸಪ್ಪನವ್ರೇ. ನಾನೇ ಫೋನ್ ಮಾಡ್ತೀನಿ."

ಅರ್ಧ ಕಿಟಕಿ ತೊಳೆದಿತ್ತು, ಅರ್ಧ ಉಳಿದಿತ್ತು. ಆ ದಿನ ಕಾಫಿಗೆಂದು ಜಾರುಬಾಗಿಲು ತೆರೆಯಲಿಲ್ಲ. ಒಂದು ವಾರವಾಯಿತು, ಫೋನೂ ಬರಲಿಲ್ಲ. ಈಗ ಬಾರದಿದ್ದರೆ ಇನ್ನು ಏಪ್ರಿಲ್. ಏಪ್ರಿಲ್‌ನಲ್ಲಿ ಕರೆಯುತ್ತಾರೆಂದು ಹೇಳುವವರು ಯಾರು?

ಸಂಗನಬಸಪ್ಪನವರು ಕೋಲನ್ನು ವ್ಯಾನಿಗೆ ಹಾಕಿಕೊಂಡು ಇಟಾಸ್ಕಾಗೆ ಹೋದರು. ಅಲ್ಲಿ ಕಿಟಕಿ ತೊಳೆಯುವ ಸಾಮಾನಿನ ಅಂಗಡಿಯಲ್ಲಿ ರಿಪೇರಿ ನೋಡುವವರು ಮೈಸೂರಿನ ಲತಾಶ್ರೀ. ಗಂಡನ ವೀಸಾದ ಮೇಲೆ ಬಂದು, ಕೆಲಸ ಮಾಡಲು ಅನುಮತಿಯಿಲ್ಲದೆ ಆರು ವರ್ಷ ಮನೆಯಲ್ಲೇ ಕೂತವರು. ಮಾತಿಗೆ ಜನ ಸಿಗದೆ ಮಿಕ್ಸಿ, ವ್ಯಾಕ್ಯೂಮ್ ಎಲ್ಲ ಬಿಚ್ಚಿ ಬಿಚ್ಚಿ ಜೋಡಿಸುತ್ತಾ ರಿಪೇರಿ ಕಲಿತರು. ಅನುಮತಿ ಬಂದ ಮೇಲೆ ಈ ಕೆಲಸ ಸಿಕ್ಕಿತು.

ಅವರು ಕೊಳವೆಯೊಂದನ್ನು ಎಳೆದು ಮೂಗಿನ ಹತ್ತಿರ ಹಿಡಿದರು.

"ಅಣ್ಣಾ, ಕೊಬ್ಬರಿ ಎಣ್ಣೆನಾ? ಇದು ಕೋಲು, ತಲೆ ಅಲ್ಲ."

"ಆಯುಧ ಪೂಜಿಗೆ ಹಚ್ಚಿದ್ದವಾ. ನಮ್ಮ ಕಡೆ ಬಂಡಿ ಗಾಲಿಗೂ ಎಣ್ಣಿ ಹಾಕ್ತೀವಿ."

"ಬಂಡಿ ಗಾಲಿ ತಿರುಗಬೇಕು. ಕೋಲು ನಿಲ್ಲಬೇಕು. ನಿಲ್ಲೋದಕ್ಕೆ ಎಣ್ಣೆ ಯಾಕಣ್ಣಾ?"

ಸಂಗನಬಸಪ್ಪನವರು ಕೊಳವೆಯನ್ನು ತಿರುಗಿಸಿ ನೋಡಿದರು. "ವಿಭೂತಿ ಏನ್ ಮಾಡೀತು?" ಅಂದರು.

"ವಿಭೂತಿ ಹಣೆ ಮೇಲಿದ್ರೆ ವಿಭೂತಿ. ಎಣ್ಣೆ ಜೊತೆ ಕೊಳವೆ ಒಳಗೆ ಸೇರಿದ್ರೆ ಪಾತ್ರೆ ಉಜ್ಜೋ ಬೂದಿ. ರಸ್ತೆ ಧೂಳೂ ಅದಕ್ಕೇ ಅಂಟ್ಕೊಳತ್ತೆ. ನೀವು ಎಳೆದಾಗೆಲ್ಲ ಕೋಲು ತನ್ನನ್ನ ತಾನೇ ಉಜ್ಕೊಳತ್ತೆ. ನೋಡಿ, ಇಲ್ಲಿ ಸವೆದಿದೆ. ಮುಟ್ಟಬೇಡಿ, ಗ್ಲೌಸ್ ಹಾಕ್ಕೊಳಿ. ಈ ಕಾರ್ಬನ್ ಎಳೆ ಕೈಗೆ ಚುಚ್ಚಿದ್ರೆ ತೆಗೆಯೋದು ಕಷ್ಟ."

"ನಾನು ತಿರುಪು ಬಿಗಿ ಮಾಡಿದ್ನಲ್ಲವಾ."

"ಅದೇ ಎರಡನೇ ತಪ್ಪು. ಜಾರಿದ್ರೆ ಮೊದಲು ತೊಳೀಬೇಕು, ಕೊಳವೇನೂ ಕ್ಲ್ಯಾಂಪಿನ ಒಳಗೂ. ಒಣಗಿಸಿ ನೋಡಬೇಕು. ಆಮೇಲೂ ಜಾರಿದ್ರೆ ಕಾಲು ಸುತ್ತು ಬಿಗಿ ಮಾಡಿ, ಮತ್ತೆ ನೋಡಿ. ಅಷ್ಟಕ್ಕೂ ನಿಲ್ಲದಿದ್ರೆ ಕ್ಲ್ಯಾಂಪೇ ಸವೆದಿದೆ ಅಂತ, ಬದಲಾಯಿಸಿ. ಜೋರಾಗಿ ಅಮುಕಿದ್ರೆ ಕೊಳವೆ ಒಡೆಯತ್ತೆ."

"ಒಡದಿಲ್ಲವಾ. ಕಣ್ಣಿಗೆ ಕಾಣವಲ್ದು."

"ಕಣ್ಣಿಗೆ ಕಾಣಲ್ಲ, ಕಿವಿಗೆ ಕೇಳತ್ತೆ."

ಲತಾಶ್ರೀ ಡ್ರಾಯರಿನಿಂದ ಒಂದು ಕ್ವಾರ್ಟರ್ ನಾಣ್ಯ ತೆಗೆದರು. ಅಷ್ಟರಲ್ಲಿ ಶಿವಕ್ಕನ ಫೋನು ಬಂತು, ದಿನಾ ಮಧ್ಯಾಹ್ನದ ಹಾಗೆ. ಸಂಗನಬಸಪ್ಪನವರು ಫೋನನ್ನು ಮೇಜಿನ ಮೇಲೆ ನಿಲ್ಲಿಸಿ, ನಡೆದದ್ದು ಹೇಳಿದರು. ಶಿವಕ್ಕ ಒಪ್ಪಲಿಲ್ಲ.

"ಹಂಗಾರ ನನ್ನ ವಿಭೂತಿನ ತಪ್ಪಂತಾಳೇನ್ರಿ ಆಕಿ? ದೇವ್ರ ಕೋಲು ಮುರದಾನೇನು?"

ಲತಾಶ್ರೀ ನಕ್ಕರು. "ಶಿವಕ್ಕಾ, ಸಂತೇಲಿ ಮಣ್ಣಿನ ಗಡಿಗೆ ಹೇಗೆ ತಗೋತಿದ್ರಿ?"

"ಬಟ್ಟಿಲೆ ಬಾರಿಸಿ. ಮತ್ಯಾಕ?"

"ಹಾಗಾದ್ರೆ ಕೇಳಿ."

ಮೊದಲ ಕೊಳವೆಯ ಉದ್ದಕ್ಕೂ ನಾಣ್ಯದಿಂದ ತಟ್ಟುತ್ತಾ ಹೋದರು. ಠಣ್, ಠಣ್, ಠಣ್. ಎರಡನೆಯದೂ ಹಾಗೇ. ಮೂರನೆಯದು ಕ್ಲ್ಯಾಂಪಿನ ಹತ್ತಿರ ಬರುತ್ತಲೇ ದಪ್ ಅಂದಿತು.

ಫೋನಿನಲ್ಲಿ ಶಿವಕ್ಕ ಕಿವಿಯನ್ನು ಹತ್ತಿರ ತಂದರು. ತೊಡೆಯ ಮೇಲೆ ಅನಿಕಾ ಏನೋ ಗುನುಗಿತು.

"ಒಡದೈತ್ರಿ," ಅಂದರು ಶಿವಕ್ಕ ಮೆಲ್ಲಗೆ. "ಮೂರನೇದು ಒಡದೈತಿ. ಅದನ್ನ ಎತ್ತಬ್ಯಾಡ್ರಿ."

"ಟೇಪ್ ಸುತ್ತಿದ್ರ ಆಗೂದಿಲ್ಲೇನು?" ಅಂದರು ಸಂಗನಬಸಪ್ಪ.

"ಒಡದ ಗಡಿಗಿಗೆ ಟೇಪ್ ಸುತ್ತಿ ನೀರು ತುಂಬ್ತೀರೇನು? ಸುಮ್ಮನ ಹೊಸಾದು ಹಾಕಿಸ್ರಿ."

ಕೊಳವೆ ಬದಲಾಯಿತು. ಸವೆದ ಕ್ಲ್ಯಾಂಪುಗಳೂ ಬದಲಾದವು. ಹೊರಡುವಾಗ ಲತಾಶ್ರೀ, "ಅಣ್ಣಾ, ಎಲ್ಲಕ್ಕಿಂತ ದೊಡ್ಡ ಮಾತು ಇನ್ನೂ ಹೇಳಿಲ್ಲ. ಕರೆಂಟ್ ತಂತಿ ಹತ್ತಿರ ಈ ಕೋಲು ಎತ್ತಿದೀರಾ?" ಅಂದರು.

"ಇದೇನು ಕಬ್ಬಿಣೇನು? ಕರೆಂಟು ಹ್ಯಾಂಗ ಹಿಡದೀತು?"

ಲತಾಶ್ರೀ ಕರೆಂಟ್ ಹರಿದರೆ ಕೂಗುವ ಮೀಟರ್ ತಂದು, ಅದರ ಎರಡು ತಂತಿಗಳನ್ನು ಒಡೆದ ಕೊಳವೆಯ ಸವೆದ ಜಾಗಕ್ಕೆ ಮುಟ್ಟಿಸಿದರು. ಮೀಟರ್ ಕೀಂ ಎಂದು ಕೂಗಿತು.

"ಇದು ಬಿದಿರಲ್ಲಣ್ಣಾ. ಕಾರ್ಬನ್ನಿನಲ್ಲಿ ಕರೆಂಟ್ ಹರಿಯತ್ತೆ. ತಂತಿಯಿಂದ ಕಡಿಮೆ ಅಂದ್ರೂ ಹತ್ತು ಅಡಿ ದೂರ. ಕೋಲು ಕೈ ತಪ್ಪಿ ಬಿದ್ರೂ ತಂತಿಗೆ ತಾಗಬಾರದು, ಅಷ್ಟು ದೂರ. ತಾಗೋ ಹಾಗಿದ್ರೆ ಆ ಕಿಟಕಿ ಬೇಡ. ಗುಡುಗು ಕೇಳಿದ್ರೆ ಇಳಿಸಿ, ವ್ಯಾನಲ್ಲಿ ಕೂತ್ಕೊಳಿ."

ಸಂಗನಬಸಪ್ಪನವರು ತಾವೇ ಮೀಟರನ್ನು ಇನ್ನೊಮ್ಮೆ ಮುಟ್ಟಿಸಿ ನೋಡಿದರು. ತಂತಿಯ ಕೆಳಗೆ ಒಬ್ಬರೇ ನಿಂತು ತೊಳೆದ ಕಿಟಕಿಗಳು ಒಂದೊಂದಾಗಿ ನೆನಪಾದವು. ಅಲ್ಲಿ ಬಿದ್ದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?

ಅಂದಿನಿಂದ ಅವರ ಸಂಜೆ ಬದಲಾಯಿತು. ಕೆಲಸ ಮುಗಿದ ಮೇಲೆ ಆರೂ ಕೊಳವೆ ಬಿಚ್ಚಿ ಬರಿ ನೀರಿನಿಂದ ತೊಳೆಯುತ್ತಾರೆ. ದಾರಕ್ಕೆ ಬಟ್ಟೆ ಕಟ್ಟಿ ಕೊಳವೆಯೊಳಗೆ ಎಳೆಯುತ್ತಾರೆ. ಒಣಗಿದ ಮೇಲೆ ಕ್ಯಾಂಟನ್ನಿಗೆ ಫೋನು. ಠಣ್, ಠಣ್. ಆ ಕಡೆಯಿಂದ ಶಿವಕ್ಕ "ಹೂಂ, ಮುಂದಿಂದು" ಅನ್ನುತ್ತಾರೆ. ಆರು ಕೊಳವೆ, ಆರು ಹೂಂ. ಆಮೇಲೆ ಮನೆ ಮತ್ತೆ ಸದ್ದಿಲ್ಲದೆ ಕೂರುತ್ತದೆ.

ಪದ್ಮಜಾ ಅವರಿಗೆ ಅವರು ಒಂದು ಧ್ವನಿ ಸಂದೇಶ ಕಳಿಸಿದರು. ಮೂರು ಸಲ ಅಳಿಸಿ ನಾಲ್ಕನೇ ಸಲ ಕಳಿಸಿದ್ದು. "ಅಕ್ಕಾರ, ತಪ್ಪು ನಂದು. ಕೋಲಿಗೆ ಎಣ್ಣಿ ಹಚ್ಚಿದ್ದೆ, ಒಡದದ್ದು ನೋಡಲಿಲ್ಲ. ಈಗ ಸರಿ ಮಾಡೀನಿ. ನೀವು ಕರೀರಿ ಅಂತ ಹೇಳೂದಿಲ್ರಿ. ಕೂಸು ಅಲ್ಲಿ ಇರಲಿಲ್ಲ, ಅಷ್ಟು ಸಾಕು ನನಗ."

ಹತ್ತು ದಿನ ಉತ್ತರವಿಲ್ಲ. ಹೊರಗೆ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಐವತ್ತು ಡಿಗ್ರಿ ಇದ್ದದ್ದು ನಲವತ್ತಕ್ಕಿಳಿಯಿತು. ಎಲೆಗಳೆಲ್ಲ ಉದುರಿದವು. ನವೆಂಬರಿನ ಒಂದು ಗುರುವಾರ ಫೋನು ಕಿಣಿಕಿಣಿ ಅಂದಿತು.

"ಶನಿವಾರ ಬನ್ನಿ. ಭಾನುವಾರದಿಂದ ಫ್ರೀಜ್ ಆಗತ್ತಂತೆ. ದಿಯಾನ ಒಳಗೇ ಕೂರಿಸ್ಕೊಂಡಿರ್ತೀನಿ."

ಶನಿವಾರ ಸಂಗನಬಸಪ್ಪನವರು ಕೋಲಿಗೆ ಕೈ ಹಾಕುವ ಮೊದಲು ತಲೆಯೆತ್ತಿ ನಾಲ್ಕು ದಿಕ್ಕೂ ನೋಡಿದರು. ತಂತಿ ಇರಲಿಲ್ಲ. ಕೋಲು ಬೀಳಬಹುದಾದಷ್ಟು ಜಾಗಕ್ಕೆ ಕಿತ್ತಳೆ ಬಣ್ಣದ ಕೋನ್‌ಗಳನ್ನಿಟ್ಟರು. ಹುಲ್ಲಿನ ಮೇಲೆ ಬಟ್ಟೆ ಹಾಸಿ, ಕೊಳವೆಗಳನ್ನು ಮಲಗಿಸಿ, ಮಂಡಿಯೂರಿ ನಾಣ್ಯದಿಂದ ತಟ್ಟಿದರು.

ಗಾಜಿನ ಹಿಂದೆ ದಿಯಾ ನಿಂತಿದ್ದಳು. ಅವಳ ಪಕ್ಕ ಹೊಸ ಕುಂಡದಲ್ಲಿ ತುಳಸಿ. ಅವಳ ಬಾಯಿ ಆಡುತ್ತಿತ್ತು, ಮಾತು ಕೇಳಿಸಲಿಲ್ಲ. ಇವರು ಗೊತ್ತಾಗಲಿಲ್ಲ ಎಂದು ತಲೆಯಾಡಿಸಿದರು. ಅವಳು ಒಳಗೋಡಿ ಏನೋ ಹುಡುಕಿ ತಂದಳು. ಒಂದು ನಾಣ್ಯ.

ಇವರು ಕೊಳವೆಗೆ ತಟ್ಟಿದರು. ಅವಳು ಗಾಜಿಗೆ ತಟ್ಟಿದಳು. ಆರು ಸಲ.

ಉಳಿದ ಅರ್ಧ ಕಿಟಕಿ ತೊಳೆದಾಯಿತು. ಕೋಲು ನಿಲ್ಲಿಸಿದಲ್ಲಿ ನಿಂತಿತು. ಪೈಪಿನಲ್ಲಿ ಉಳಿದ ನೀರು ಹೆಪ್ಪುಗಟ್ಟಿ ಪೈಪು ಸೀಳಬಾರದೆಂದು ಅದನ್ನೆಲ್ಲ ಬಸಿಯುತ್ತಿದ್ದಾಗ ಜಾರುಬಾಗಿಲು ತೆರೆಯಿತು.

"ಬಸಪ್ಪನವ್ರೇ, ಕಾಫಿ ಆರತ್ತೆ."

"ಇಷ್ಟು ಬಸದು ಬಂದೇನ್ರಿ ಅಕ್ಕಾರ."

ಶಿವಕ್ಕ ಈಗ ಹೇಳುವುದು ಬೇರೆ. "ಮುಂದಿನ ಆಯುಧ ಪೂಜಿಗೆ ವಿಭೂತಿ ವ್ಯಾನಿನ ಹಣಿಗೆ, ನಿಮ್ಮ ಹಣಿಗೆ. ಕೋಲಿಗೆ ಬರೇ ನೀರು. ತೊಳದು ಇಡೂದ ಅದಕ್ಕ ಪೂಜಿ."

ಕಿಟಕಿ ತೊಳೆಯುವ ಅಣ್ಣಂದಿರೇ, ಅಕ್ಕಂದಿರೇ, ನೀವು ಶಾಮ್‌ಬರ್ಗಿನಲ್ಲಿರಿ, ಡೆಟ್ರಾಯಿಟಿನಲ್ಲಿರಿ, ನಿಮ್ಮ ಕರಿ ಕೋಲನ್ನು ಇವತ್ತೇ ಬಿಚ್ಚಿ ನೋಡಿ. ಎಣ್ಣೆ, ಗ್ರೀಸು ಏನಿದ್ದರೂ ತೊಳೆದು ಒಣಗಿಸಿ. ಗ್ಲೌಸ್ ಹಾಕಿ ಹಿಡಿಯಿರಿ. ಜಾರಿದರೆ ಬಿಗಿಯುವ ಮೊದಲು ತೊಳೆಯಿರಿ. ನಾಣ್ಯದಿಂದ ತಟ್ಟಿ, ದಪ್ ಅಂದ ಕೊಳವೆಯನ್ನು ಎತ್ತಬೇಡಿ. ಕೋಲು ಎತ್ತುವ ಮೊದಲು ತಲೆ ಎತ್ತಿ ತಂತಿ ನೋಡಿ. ಇನ್ನೊಂದು ಮಾತು: ಇದು ಒಬ್ಬರೇ ಮಾಡುವ ಕೆಲಸ. ಇವತ್ತು ಯಾವ ಮನೆ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಬೆಳಿಗ್ಗೆಯೇ ಒಬ್ಬರಿಗಾದರೂ ಹೇಳಿ ಹೊರಡಿ. ಹೇಳಲು ಯಾರೂ ಇಲ್ಲ ಅನ್ನಿಸಿದರೆ, ನಿಮ್ಮ ಹಾಗೆಯೇ ಕೋಲು ಹಿಡಿದ ಇನ್ನೊಬ್ಬರನ್ನು ಹುಡುಕಿ ಫೋನು ಮಾಡಿ. ಅವರಿಗೂ ಹೇಳಲು ಯಾರೂ ಇರಲಿಕ್ಕಿಲ್ಲ. ನೀವು ತಟ್ಟಿ, ಅವರು ಹೂಂ ಅನ್ನಲಿ.