ಗೋಡೆ ಸೋತ ದಿನ

ದರ್ಜಿ ಹಟಮಾರಿ. ಕಾಲರ್ ಎಳೆಯಷ್ಟು ಓರೆಯಾದರೂ ಬಿಚ್ಚಿ ಮತ್ತೆ ಹೊಲಿಯುವವನು. ಮೂವತ್ತು ವರ್ಷ ದಿನಾ ಬೆಳಿಗ್ಗೆ ಅಕ್ಕನ ಗಂಡನ ಜೊತೆ ಟೆನಿಸ್ ಆಡಿ, ದಿನಾ ಸೋತು, ಮರುದಿನ ಮತ್ತೆ ಹೋದವನು. ಗೆಲ್ಲಬಹುದಿತ್ತು. ಆದರೆ ಪಾಯಿಂಟ್ ಕೈತಪ್ಪಿದಾಗಲೆಲ್ಲ ಭಾವ ಬಗ್ಗಿ ಶೂ ಹಿಡಿದುಕೊಂಡು, "ಲೇಸ್ ಬಿಚ್ಚೋಗಿತ್ತು ಕಣೋ, ಇದು ಲೆಕ್ಕಕ್ಕಿಲ್ಲ. ಮತ್ತೆ ಹೊಡಿ," ಎನ್ನುತ್ತಿದ್ದರು. ಬಿಚ್ಚಿದ ಲೇಸನ್ನು ದರ್ಜಿ ಒಮ್ಮೆಯೂ ಕಂಡವನಲ್ಲ. ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಒಂದೇ ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದರು.

ಭಾವ ತೀರಿಕೊಂಡು ವರ್ಷವಾಯಿತು. ಈಗ ದರ್ಜಿ ಮೈದಾನದ ಹಿಂದಿನ ಗೋಡೆಯ ಜೊತೆ ಆಡುತ್ತಾನೆ. ಗೋಡೆ ಎಲ್ಲ ಚೆಂಡನ್ನೂ ವಾಪಸ್ ಕೊಡುತ್ತದೆ, ತುಟಿಪಿಟಕ್ಕೆನ್ನುವುದಿಲ್ಲ. ಅವನು ತಪ್ಪಿದರೆ ಪಾಯಿಂಟ್ ಗೋಡೆಗೆ. ಚಹಾ ಒಬ್ಬನಿಗೆ ಜಾಸ್ತಿಯಾಗುತ್ತದೆ. ಆದರೂ ಫ್ಲಾಸ್ಕ್ ತುಂಬಿಸಿಯೇ ತರುತ್ತಾನೆ.

"ಯಾಕಣ್ಣಾ ಈ ಪಾಡು? ಗೋಡೆ ಎಲ್ಲಾದ್ರೂ ಸೋಲುತ್ತಾ?" ಎಂದು ಮೈದಾನದ ಕಾವಲುಗಾರ ಒಮ್ಮೆ ಕೇಳಿದ್ದ.

"ನೋಡೋಣ," ಎಂದಿದ್ದ ದರ್ಜಿ.

ಇವತ್ತು ಅವನು ಬೀಸಿ ಹೊಡೆದ ಚೆಂಡು, ಗೋಡೆಯ ಗಾರೆ ಕಿತ್ತುಹೋದ ತೂತಿನಲ್ಲಿ ಸಿಕ್ಕಿಕೊಂಡು ಅಲ್ಲೇ ನಿಂತುಬಿಟ್ಟಿತು.

ಗೆದ್ದಿದ್ದ. ದರ್ಜಿ ರ‍್ಯಾಕೆಟ್ ಇಳಿಸಿ ಕಾದ. ಯಾರೂ ತಕರಾರು ತೆಗೆಯಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದ.

ಕೊನೆಗೆ ತಾನೇ ಹೋಗಿ ಚೆಂಡನ್ನು ಕಿತ್ತುಕೊಂಡ. ಆಮೇಲೆ ಬಗ್ಗಿ, ಬಿಗಿಯಾಗಿಯೇ ಇದ್ದ ತನ್ನ ಶೂ ಲೇಸನ್ನು ಎಳೆದು ಬಿಚ್ಚಿದ.

"ಲೇಸ್ ಬಿಚ್ಚೋಗಿತ್ತು," ಎಂದ ಗೋಡೆಯ ಪರವಾಗಿ. "ಇದು ಲೆಕ್ಕಕ್ಕಿಲ್ಲ."