ನೆಲ ಒಪ್ಪಿದ ತಾಳ

ಮಗ್ಗಿನೊಳಗಿನ ಚಹಾ ನಡುಗಿದ ದಿನ ಹೇಝಲ್ ಚಪ್ಪಾಳೆ ತಟ್ಟಿ ಕುಣಿದಿದ್ದಳು.

ಮ್ಯಾಂಚೆಸ್ಟರಿನ ಮುಚ್ಚಿಹೋದ ಹತ್ತಿ ಗಿರಣಿಯೊಂದರ ಮೇಲಂತಸ್ತು ಅವರ ಅಭ್ಯಾಸದ ಜಾಗ. ಅಣ್ಣ ಡೆಕ್ಲನ್‌ನದು ಗಿಟಾರು ಮತ್ತು ಹಾಡು, ಅವಳದು ತಾಳದ ಯಂತ್ರ. ಅಣ್ಣನ ಗಿಟಾರಿಗೆ ಮೊದಲಿಂದಲೂ ಮೀಸೆ ತಿರುವುವ ಗತ್ತು. ಆ ಗತ್ತಿಗೆ ಜನ ಕುಣಿಯುವಂಥ ವೇಗ ಹುಡುಕುತ್ತ ಅವಳು ಚಳಿಗಾಲವಿಡೀ ಗುಂಡಿ ತಿರುಗಿಸಿದ್ದಳು. ಎಲ್ಲವೂ ಸಪ್ಪೆ. ಒಂದು ಮಧ್ಯಾಹ್ನ ಮಾತ್ರ, ನೆಲದ ಹಲಗೆಯ ಮೇಲಿಟ್ಟ ಮಗ್ಗಿನಲ್ಲಿ ಚಹಾ ಉಂಗುರ ಉಂಗುರವಾಗಿ ಅಲೆಯಿತು. ಪಾದದಡಿಯಿಂದ ಯಾರೋ ‘ಹ್ಞೂಂ’ ಅಂದ ಹಾಗಾಯಿತು.

“ಇದೇ ಕಣೇ! ಇನ್ನು ಮುಟ್ಟಿದ್ರೆ ಕೈ ಮುರೀತೀನಿ,” ಅಂದ ಡೆಕ್ಲನ್.

ಅದೇ ವೇಗದಲ್ಲಿ ಹಾಡು ಅಚ್ಚಾಗಿ ಗ್ರಾಮಫೋನ್ ತಟ್ಟೆಯಾಯಿತು. ಅದು ಹೊರಬಂದ ಭಾನುವಾರ ಅದೇ ಅಂತಸ್ತಿನಲ್ಲಿ ಹಾಡಿನ ಕೂಟವಿಟ್ಟು, ಬಾಗಿಲಲ್ಲೇ ತಟ್ಟೆ ಮಾರಿದರು; ಸಂಜೆಗೆ ಮುಂಚೆಯೇ ಕಾಲಿಡಲು ಜಾಗವಿರಲಿಲ್ಲ. ಕಿಟಕಿಗಳಿಂದ ಬಿಸಿಲು ಬೀಳುತ್ತಿತ್ತು, ಬೆವರಿನ ಹಬೆ ತೊಲೆಗಳಿಗೆ ತಾಗುತ್ತಿತ್ತು.

ಹಾಡಿನ ನಡುವೆ ಗಿಟಾರು ಮೌನವಾಗಿ ಬರೀ ತಾಳ ಉಳಿಯುವ ಜಾಗವೊಂದಿತ್ತು. ಹೇಝಲ್‌ಳ ಮುದ್ದಿನ ಜಾಗ. ಅಲ್ಲಿ ಜನರೆಲ್ಲ ಒಟ್ಟಿಗೆ ನೆಗೆದರು. ಒಟ್ಟಿಗೆ ಇಳಿದರು. ಆಗ ಅವಳ ಕಣ್ಣಿಗೆ ಬಿತ್ತು: ಗೋಡೆಗೂ ಹಲಗೆಗೂ ನಡುವೆ ಕೂದಲೆಳೆಯಷ್ಟು ಸಂದು. ಪ್ರತಿ ನೆಗೆತಕ್ಕೂ ಅದು ಬಾಯಿ ಬಿಡುತ್ತಿತ್ತು, ಕೆಳಗಿನ ಅಂತಸ್ತಿನ ಬೆಳಕು ಇಣುಕುತ್ತಿತ್ತು, ಮತ್ತೆ ಮುಚ್ಚುತ್ತಿತ್ತು.

ಅಜ್ಜಿ ಇದೇ ಅಂತಸ್ತಿನಲ್ಲಿ ನೂಲು ತೆಗೆದವಳು. ಚಿಕ್ಕಂದಿನಲ್ಲಿ ರಾತ್ರಿ ಹೊದಿಕೆ ಹೊದಿಸುತ್ತ ಹೇಳುತ್ತಿದ್ದಳು: “ಆ ನೆಲದೊಳಗೆ ಒಬ್ಬಳು ಮಲಗಿದಾಳೆ, ಮಗೂ. ಗದ್ದಲಕ್ಕೆ ಏಳೋಳಲ್ಲ. ಗದ್ದಲ ಅವಳಿಗೆ ಜೋಗುಳ. ಎಲ್ಲ ಯಂತ್ರ ಒಂದೇ ಹೆಜ್ಜೆ ಹಾಕಿದ್ರೆ ಮಾತ್ರ, ನನ್ನನ್ನೇ ಕರೀತಿದಾರೆ ಅಂದ್ಕೊಂಡು ಮಗ್ಗಲು ಬದಲಿಸ್ತಾಳೆ. ಆಗ ನಾನು ನನ್ನದನ್ನ ಒಂದು ಗಳಿಗೆ ನಿಲ್ಲಿಸಿ, ಹೆಜ್ಜೆ ತಪ್ಪಿಸಿಬಿಡ್ತಿದ್ದೆ.”

ಚಳಿಗಾಲವಿಡೀ ತಾನು ಹುಡುಕಿದ್ದು ಏನನ್ನು ಎಂಬುದು ಹೇಝಲ್‌ಗೆ ಈಗ ಹೊಳೆಯಿತು. ನೆಲದೊಳಗಿನವಳನ್ನು ಕರೆಯುವ ಹೆಜ್ಜೆ.

ಅಣ್ಣನ ಕಿವಿಗೆ ಬಾಯಿಟ್ಟಳು. “ನೆಲ ಅಲ್ಲಾಡ್ತಿದೆ ಕಣೋ. ನಿಲ್ಸೋಣ.”

“ಅಲ್ಲಾಡ್ಲಿ ಬಿಡೇ! ಮತ್ಯಾಕೆ ಅಷ್ಟು ಒದ್ದಾಡಿದ್ವಿ?”

“ತಮಾಷೆ ಅಲ್ಲ, ಡೆಕ್. ಆ ಗೋಡೆ ನೋಡು.”

“ಅಜ್ಜಿಯ ದೆವ್ವ ಎದ್ಲಾ? ಬಾಗಿಲಲ್ಲಿ ಟಿಕೆಟ್ ತಗೊಂಡು ಬರೋಕೆ ಹೇಳು!”

ಹೇಝಲ್ ಯಂತ್ರ ನಿಲ್ಲಿಸಿದಳು.

ಧ್ವನಿಪೆಟ್ಟಿಗೆಗಳ ಸದ್ದು ನಿಂತಿತು. ಆದರೆ ಕಾಲುಗಳು ನಿಲ್ಲಲಿಲ್ಲ. ತಾಳವಾಗಲೇ ಅವುಗಳ ಒಳಗೆ ಇಳಿದುಬಿಟ್ಟಿತ್ತು. ಧಡ್, ಧಡ್, ಧಡ್. ಇದೂ ಹಾಡಿನದೇ ಚಮತ್ಕಾರವೆಂದು ಜನ ಕೇಕೆ ಹಾಕಿದರು. ಡೆಕ್ಲನ್ ಹಲ್ಲು ಕಿರಿದು, ಅವರ ಕಾಲಿನ ಸದ್ದಿನ ಮೇಲೇ ಗಿಟಾರು ಮೀಟತೊಡಗಿದ.

ಅವಳು ಮೈಕು ಕಸಿದುಕೊಂಡಳು. “ನಿಲ್ಸಿ! ಕೆಳಗೆ ಹೋಗಿ!”

“ನಿಲ್ಸಿ! ಕೆಳಗೆ ಹೋಗಿ!” ಎಂದು ಜನ ತಾಳಕ್ಕೆ ಸರಿಯಾಗಿ ತಿರುಗಿ ಕೂಗಿದರು. ನೆಗೆದರು. ತೊಲೆಯಿಂದ ಸುಣ್ಣದ ಪುಡಿ ಹಿಟ್ಟಿನಂತೆ ಉದುರಿ ಅವರ ಕೂದಲ ಮೇಲೆ ಕೂತಿತು. ಅದಕ್ಕೂ ಚಪ್ಪಾಳೆ.

ಉಳಿದದ್ದು ಅಜ್ಜಿಯ ದಾರಿಯೊಂದೇ. ಹೇಝಲ್ ಗುಂಡಿಯನ್ನು ಅಡ್ಡಾದಿಡ್ಡಿ ತಿರುಗಿಸಿ, ಸದ್ದನ್ನು ಪೂರ್ತಿ ಏರಿಸಿ, ಯಂತ್ರವನ್ನು ಮತ್ತೆ ಬಿಟ್ಟಳು. ಅದು ಕುಂಟಿತು, ಓಡಿತು, ಮುಗ್ಗರಿಸಿತು. ಅರ್ಧ ಜನ ಅದರ ಹಿಂದೆ ಹೋದರು, ಅರ್ಧ ಜನ ಹಳೆಯದನ್ನೇ ಹಿಡಿದರು. ಮೊಣಕೈಗೆ ಮೊಣಕೈ ತಾಗಿತು, ಕಾಲು ಕಾಲಿಗೆ ಸಿಕ್ಕಿತು. ಹೆಜ್ಜೆ ಚೆದುರಿತು. ಗೋಡೆಯ ಸಂದು ನಿಧಾನವಾಗಿ ಮುಚ್ಚಿಕೊಂಡಿತು.

“ಥೂ! ಬಾರ್ಸೋಕೆ ಬರಲ್ವೇನೇ?” ಬಿಯರಿನ ಲೋಟವೊಂದು ಹಾರಿಬಂದು ಅವಳ ಭುಜ ತೊಯ್ಯಿಸಿತು. ಜನ ಬೈಯುತ್ತ ಮೆಟ್ಟಿಲಿನತ್ತ ನುಗ್ಗಿದರು.

“ನಮ್ಮ ಹಾಡನ್ನ ನೀನೇ ಕೊಂದೆಯಲ್ಲೇ, ಹೇಝಲ್,” ಅಂದ ಡೆಕ್ಲನ್. ಅವನ ದನಿ ಒಡೆದಿತ್ತು.

ಕೊಂದಿದ್ದರೆ ಎಷ್ಟು ಚೆನ್ನಾಗಿತ್ತು ಅಂದುಕೊಂಡಳು. ಒಬ್ಬೊಬ್ಬರ ಕಂಕುಳಲ್ಲೂ ಆ ತಟ್ಟೆ ಇತ್ತು, ಸರಿಯಾದ ವೇಗದ್ದು. ಕೆಳಗೆ ಕಬ್ಬಿಣದ ಮೆಟ್ಟಿಲ ಮೇಲೆ ಯಾರೋ ಹಾಡನ್ನು ಗುನುಗಿದರು. ಇನ್ನೊಬ್ಬರು ಸೇರಿದರು. ಆಮೇಲೆ ಇಳಿಯುವ ಕಾಲುಗಳೆಲ್ಲ ಒಂದಾದವು.

ಹೇಝಲ್ ಮಂಡಿಯೂರಿ ಹಲಗೆಯ ಮೇಲೆ ಅಂಗೈ ಇಟ್ಟಳು.

ನೆಲದೊಳಗಿನವಳು ಇನ್ನೂ ಮತ್ತೆ ನಿದ್ದೆಹೋಗಿರಲಿಲ್ಲ.