ಮುಂದೆ ಕೂತವನ ಬೆನ್ನು

"ಮೂಗು ನಮ್ಮ ಪಾದ್ರಿಗಳದ್ದು, ಗಡ್ಡ ನಿಮ್ಮದು. ನಮ್ಮನೆಯವರು ಎಲ್ಲಿದ್ದಾರೆ ಈ ಪಟದಲ್ಲಿ?" ಇಸ್ತ್ರಿಪೆಟ್ಟಿಗೆಯನ್ನು ಒಲೆಯ ಮೇಲಿಟ್ಟು ಒರ್ತಾಂಸ್ ಕೇಳಿದಳು.

ಎವಾರಿಸ್ತ್ ತಲೆ ತಗ್ಗಿಸಿದ. ಅವಳ ಗಂಡ ಅನಾತೋಲ್ ಎದೆರೋಗದಿಂದ ತೀರಿಕೊಂಡು ಮೂರು ತಿಂಗಳಾಗಿತ್ತು. ಮನೆಯಲ್ಲಿ ಅವನದೊಂದು ಫೋಟೊ ಇರಲಿಲ್ಲ. ಒಂದೇ ದೋಣಿಯಲ್ಲಿ ಜೊತೆಗೆ ಹುಟ್ಟು ಹಾಕಿದ ಚಿತ್ರಕಾರನೇ ಊರಲ್ಲಿರುವಾಗ ಗಂಡನ ಮುಖಕ್ಕೇನು ಕೊರತೆ ಎಂದು ಅವಳು ಇವನನ್ನೇ ನಂಬಿದ್ದಳು. ಇದು ನಾಲ್ಕನೆಯ ಪಟ.

"ಹದಿನೆಂಟು ವರ್ಷ ಒಂದೇ ದೋಣೀಲಿದ್ದೋರು ನೀವು. ಒಂದು ಮುಖ ನೆನಪಿಲ್ವಾ?"

"ಅವನು ನನ್ನ ಮುಂದೆ ಕೂರ್ತಿದ್ದ, ಒರ್ತಾಂಸ್. ಅವನ ಮುಖ ನೋಡ್ತಿದ್ದದ್ದು ಎದುರು ಕೂತ ಚುಕ್ಕಾಣಿಯವನು."

"ಹಾಗಾದ್ರೆ ಅವನ ಕೈಗೇ ಕುಂಚ ಕೊಡಿ!"

ಮಾತು ನಾಟಿತು. ಕುಂಚಕ್ಕಿಂತ ಹುಟ್ಟು ಹಿಡಿದದ್ದೇ ಹೆಚ್ಚು ಎಂದು ಪ್ಯಾರಿಸ್ಸಿನ ಚಿತ್ರಕಾರರು ಅವನನ್ನು ಆಡಿಕೊಳ್ಳುತ್ತಿದ್ದರು, ಅದೂ ಸುಳ್ಳಲ್ಲ. ಶನಿವಾರ ಬಂತೆಂದರೆ ಅರ್ಧ ಬರೆದ ಚಿತ್ರವನ್ನು ಹಾಗೆಯೇ ಬಿಟ್ಟು ಮಾರ್ನ್ ನದಿಗೆ ಓಡುವವನು ಅವನು. ದಡಕ್ಕೆ ಬಂದ ಮೇಲೆ ಅನಾತೋಲನ ಎದುರು ಕೂತು ವೈನ್ ಕುಡಿದದ್ದುಂಟು. ಆದರೆ ಕುಡಿಯುವಾಗ ಗೆಳೆಯನ ಮುಖವನ್ನು ಯಾರು ಓದುತ್ತಾರೆ? ಅವನ ಕಣ್ಣು ಕಲಿತದ್ದೆಲ್ಲ ಹುಟ್ಟು ಹಾಕುವಾಗ.

ಮನೆಗೆ ಬಂದು ಹೊಸ ಪಟದ ಮುಂದೆ ನಿಂತ. ಈ ಸಲ ಮುಖದ ಗೋಜಿಗೇ ಹೋಗಲಿಲ್ಲ. ಕೈ ತಾನಾಗಿ ಬೆನ್ನು ಬರೆಯಿತು. ಮುಗಿದ ಮೇಲೆ ನೋಡಿದರೆ ಎಡಭುಜ ಕುಸಿದಿತ್ತು, ಅಂಗಿಯ ಒಳಗಿಂದ ಎರಡೂ ಹೆಗಲ ಮೂಳೆಗಳು ಎದ್ದು ಕಾಣುತ್ತಿದ್ದವು. ಒಂದಿಷ್ಟು ಮೈ ತುಂಬಿಸೋಣವೆಂದು ಕುಂಚ ಎತ್ತಿದ, ಮನಸ್ಸು ಒಪ್ಪಲಿಲ್ಲ.

ಮಾರನೆಯ ಬೆಳಗ್ಗೆ ಪಟವನ್ನು ಹಾಗೆಯೇ ಹೊತ್ತು ತಂದ. ಒರ್ತಾಂಸ್ ಕಿಟಕಿಯ ಬಳಿ ನಿಲ್ಲಿಸಿಕೊಂಡು ಬಹಳ ಹೊತ್ತು ನೋಡಿದಳು.

"ಇದು ಯಾವಾಗಿನ ಬೆನ್ನು?"

"ಹೋದ ಬೇಸಿಗೇದು."

"ಅದಕ್ಕೇ ದೀಪ ಆರಿಸಿ ಅಂಗಿ ಬಿಚ್ಚುತ್ತಿದ್ರು. ನನ್ನ ಹತ್ರ ಸೆಕೆಗೆ ಸ್ವಲ್ಪ ಸೊರಗಿದೀನಿ ಅಷ್ಟೆ ಅಂತಿದ್ರು." ಅವಳು ತಿರುಗಿದಳು. "ಅವರ ಕಾಯಿಲೆ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

ಮುಂದಿನವನು ಎಳೆದ ಲಯಕ್ಕೇ ಹಿಂದಿನವರೆಲ್ಲ ಎಳೆಯಬೇಕು, ಅದು ದೋಣಿಯ ಕಟ್ಟಳೆ.

"ಅವನು ನಿಧಾನ ಮಾಡ್ದ, ನಾವೂ ಮಾಡಿದ್ವಿ," ಎಂದ ಎವಾರಿಸ್ತ್. "ಒಬ್ಬರೂ ಬಾಯಿ ಬಿಡ್ಲಿಲ್ಲ. ಬಿಟ್ಟಿದ್ರೆ ಅವನನ್ನ ದೋಣಿಯಿಂದ ಇಳಿಸ್ಬೇಕಾಗ್ತಿತ್ತು."

"ನನಗೊಬ್ಬಳಿಗೆ ಹೇಳಿದ್ರೆ ಸಾಕಿತ್ತು. ಕುತ್ತಿಗೆಪಟ್ಟಿ ಹಿಡ್ಕೊಂಡು ಡಾಕ್ಟ್ರ ಹತ್ರ ಎಳ್ಕೊಂಡು ಹೋಗ್ತಿದ್ದೆ."

"ಹೌದು."

ಗೆಳೆಯನ ಮರ್ಯಾದೆ ಕಾಪಾಡಿದೆನೆಂದು ಮೂರು ತಿಂಗಳು ತನಗೆ ತಾನೇ ಹೇಳಿಕೊಂಡ ಸಮಾಧಾನ ಈ ಅಡುಗೆಮನೆಯಲ್ಲಿ ಅವಳ ಮುಂದೆ ನಿಲ್ಲಲಿಲ್ಲ. ಹೊರಡಲೆಂದು ಟೋಪಿ ತೆಗೆದುಕೊಂಡ.

ಒರ್ತಾಂಸ್ ಅವನ ಕಡೆ ನೋಡಲಿಲ್ಲ. ಪಟದ ಹತ್ತಿರ ಹೋಗಿ ಕುಸಿದ ಆ ಎಡಭುಜದ ಕೆಳಗೆ ಅಂಗೈ ಇಟ್ಟಳು.

"ಬಣ್ಣ ಇನ್ನೂ ಒಣಗಿಲ್ಲ," ಎಂದ ಅವನು.

ಅವಳು ಕೈ ತೆಗೆಯಲಿಲ್ಲ.